ಕಾಮರ್ಸ್‌ನವರಿಗೂ ಈ ಲೆಕ್ಕ ಬೇಕು

ಮೊದಲು ಈ ಸಂಖ್ಯೆಯನ್ನು ಒಮ್ಮೆ ಓದಲು ಪ್ರಯತ್ನಿಸಿ: 1,84,46,74,40,73,70,95,51,615.

ಒಟ್ಟು ಇಪ್ಪತ್ತು ಅಂಕೆ. ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಓದಿದ ನಾನು ಕೋಟಿ ಬಂದ ಕೂಡಲೇ ನಿಂತುಬಿಟ್ಟೆ. ಮನೆಯಲ್ಲಿ ಇದನ್ನು ಓದಿದ್ದು ನನ್ನ ದಾದಿ. ಅವರು ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಮಾತ್ರ ಹೋದವರು. ಬೆರಳು ಮಡಚುತ್ತಾ ಹಜಾರ್, ಲಾಖ್, ಕರೋಡ್, ಅರಬ್, ಖರಬ್, ನೀಲ್, ಪದಮ್, ಶಂಖ್ ಎಂದು ಮೆಟ್ಟಿಲು ಹತ್ತಿದರು. "ಖರಬ್ ಅಂದರೆ ಖರಾಬಾ?" ಎಂದು ತಮ್ಮ ನಕ್ಕ. ದಾದಿ ಅವನ ತಲೆಗೆ ಒಂದು ಮೊಟಕಿ ಮುಂದುವರಿಸಿದರು: 184 ಶಂಖ, 46 ಪದ್ಮ, 74 ನೀಲ, 40 ಖರಬ್, 73 ಅರಬ್, 70 ಕೋಟಿ, 95 ಲಕ್ಷ, 51 ಸಾವಿರದ 615.

ಈ ಸಂಖ್ಯೆ ಎಲ್ಲಿಂದ ಬಂತು ಎಂಬ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಚದುರಂಗ ಕಂಡುಹಿಡಿದ ಸಿಸ್ಸಾ ಎಂಬ ಜ್ಞಾನಿಗೆ ರಾಜ "ಏನು ಬೇಕೋ ಕೇಳು" ಎಂದನಂತೆ. ಅವನು, "ಹಲಗೆಯ ಮೊದಲ ಮನೆಗೆ ಒಂದು ಗೋಧಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ ಇಮ್ಮಡಿ ಮಾಡುತ್ತಾ ಕೊಡಿ" ಎಂದನಂತೆ. ಇಷ್ಟೇನಾ ಎಂದು ರಾಜ ನಕ್ಕನಂತೆ. 64 ಮನೆಗಳ ಕಾಳುಗಳ ಮೊತ್ತವೇ ಮೇಲಿನ ಸಂಖ್ಯೆ. ಗಣಿತದ ಭಾಷೆಯಲ್ಲಿ, 2ರ 64ನೇ ಘಾತದಿಂದ 1 ಕಳೆದರೆ ಬರುವುದು.

ಇದು ದಂತಕಥೆ. ಆದರೆ ಇದರ ಲೆಕ್ಕ ಮಾಡಿದವರು ಇತಿಹಾಸದಲ್ಲಿ ನಿಜವಾಗಿ ಇದ್ದವರು. ಸುಮಾರು ಕ್ರಿ.ಶ. 1000ದಲ್ಲಿ, ಮುಂದೆ ನಮ್ಮ ದೇಶದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ ಅಲ್-ಬಿರೂನಿ ಈ ಲೆಕ್ಕವನ್ನು ಮಾಡಿದ್ದರು. ಹದಿಮೂರನೇ ಶತಮಾನದಲ್ಲಿ ಜೀವನಚರಿತ್ರೆಗಳ ಕೋಶ ಬರೆದ ಇಬ್ನ್ ಖಲ್ಲಿಕಾನ್ ಸಿಸ್ಸಾನ ಕಥೆಯನ್ನು ಹೇಳುತ್ತಾ, ಮೊದಲು ತನಗೇ ನಂಬಿಕೆ ಬರಲಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ಅವರಿಗೆ ಅದನ್ನು ಕಾಗದದ ಮೇಲೆ ಬರೆದು ತೋರಿಸಿ ನಂಬಿಸಿದ್ದು ಅಲೆಕ್ಸಾಂಡ್ರಿಯಾದ ಒಬ್ಬ ಲೆಕ್ಕಿಗ. ಹದಿನಾರನೇ ಮನೆಯ 32,768 ಕಾಳುಗಳನ್ನು ಒಂದು ಅಳತೆ ಪಾತ್ರೆ ಎಂದು ಹಿಡಿದು, ಪಾತ್ರೆಯಿಂದ ಮೂಟೆಗೆ, ಮೂಟೆಯಿಂದ ಕಣಜಕ್ಕೆ, ಕಣಜದಿಂದ ಊರಿಗೆ ಇಮ್ಮಡಿ ಮಾಡುತ್ತಾ ಹೋಗಿ, 64ನೇ ಮನೆಗೆ 16,384 ನಗರಗಳ ತುಂಬ ಕಣಜಗಳು ಬೇಕು ಎಂದು ಅವನು ತೋರಿಸಿದ. ಗಮನಿಸಿ, ಅವನು ವಿಜ್ಞಾನಿಯಲ್ಲ, ಲೆಕ್ಕಪತ್ರದವನು. ಅಂದರೆ ನಮ್ಮ ಕಡೆಯವನು!

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಮ್ಮ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ತೆಗೆದುಕೊಂಡವರೇ ಆಗಲಿ, ಕಾಲೇಜು ಬಿಡುವ ಮೊದಲು ಈ ಒಂದು ಲೆಕ್ಕವನ್ನು ಕೈಯಿಂದ ಮಾಡಿರಬೇಕು. ನಾನು ಇದನ್ನು ಹೇಳುತ್ತಿರುವುದಕ್ಕೆ ನನ್ನ ಮನೆಯದೇ ಒಂದು ಕಾರಣವಿದೆ.

ನಾನು ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಾಗ ನನ್ನ ಖಾಲಾ ಒಂದು ಯೋಜನೆಯ ಸುದ್ದಿ ತಂದರು. 6,000 ರೂಪಾಯಿ ಕಟ್ಟಿದರೆ ಒಂದು ಡಬ್ಬಿ ಪುಡಿ ಕೊಡುತ್ತಾರೆ. ನಾವು ಇಬ್ಬರನ್ನು ಸೇರಿಸಬೇಕು. ಆ ಇಬ್ಬರು ತಲಾ ಇಬ್ಬರನ್ನು ಸೇರಿಸಬೇಕು. ನಮ್ಮ ಕೆಳಗೆ ಹೀಗೆ ಎರಡು ಮೆಟ್ಟಿಲು ತುಂಬಿದರೆ ಕಟ್ಟಿದ ಹಣ ವಾಪಸ್, ಆಮೇಲೆ ಬಂದದ್ದೆಲ್ಲ ಲಾಭ. "ಇದು ಬಡ್ಡಿ ಅಲ್ಲ, ವ್ಯಾಪಾರ, ಪೂರ್ತಿ ಹಲಾಲ್" ಎಂದು ಅವರ ಕಾಗದದಲ್ಲೇ ಅಚ್ಚಾಗಿತ್ತು. ಖಾಲಾಗೆ ಹಣ ವಾಪಸ್ ಬಂದಿತ್ತು. ಮೊಬೈಲ್‌ನಲ್ಲಿ ಬ್ಯಾಂಕಿನ ಮೆಸೇಜ್ ತೋರಿಸಿದರು. ಅವರ ಗೆಳತಿಗೂ ಬಂದಿತ್ತು.

ಅಮ್ಮಿ ಬ್ಲೌಸ್ ಹೊಲಿದು ಕೂಡಿಟ್ಟ ಹಣ ಡಬ್ಬದಲ್ಲಿತ್ತು. ಅದು ನನ್ನ ಪಿಯುಸಿ ಸೇರ್ಪಡೆಗೆಂದು ಇಟ್ಟದ್ದು. "ಆರು ಕಟ್ಟಿದರೆ ಹನ್ನೆರಡಾದರೆ ನಿನ್ನ ಪುಸ್ತಕಕ್ಕೂ ಆಗುತ್ತದೆ" ಎಂದರು. ಅರ್ಜಿಯನ್ನು ತುಂಬಿದ್ದು ನಾನೇ, ಏಕೆಂದರೆ ಮನೆಯಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಬರೆಯಬಲ್ಲವಳು ನಾನೊಬ್ಬಳೇ. ಅಮ್ಮಿ ನನ್ನನ್ನು "ಹಿಸಾಬ್ ಬರೋಬರ್ ಹೈ ನಾ?" ಎಂದು ಕೇಳಿದರು. ನಾನು ಹೌದು ಎಂದೆ. ಆಮೇಲೆ ಅಮ್ಮಿ ಪಕ್ಕದ ಮನೆಗಳ ಇಬ್ಬರನ್ನು ಸೇರಿಸಿದರು. ಅವರ ಅರ್ಜಿಯನ್ನೂ ನಾನೇ ತುಂಬಿದೆ. ಮೂರನೇ ತಿಂಗಳಿಗೆ ಆಫೀಸಿನ ಬಾಗಿಲಿಗೆ ಬೀಗ ಬಿದ್ದಿತ್ತು, ಫೋನ್ ಸ್ವಿಚ್ ಆಫ್ ಆಗಿತ್ತು.

ಗಣಿತದಲ್ಲಿ ನನಗೆ ಒಳ್ಳೆಯ ಅಂಕವೇ ಬಂದಿತ್ತು. ಆದರೆ ಅರ್ಜಿ ತುಂಬುವಾಗ ನಾನು ಮಾಡಬೇಕಾಗಿದ್ದ ಒಂದೇ ಒಂದು ಲೆಕ್ಕವನ್ನು ಮಾಡಿರಲಿಲ್ಲ.

ಕಳೆದ ವರ್ಷ ನಮ್ಮ ಗ್ರಂಥಾಲಯದಲ್ಲಿ ಚದುರಂಗದ ಕಥೆ ಓದಿದಾಗ ಆ ಲೆಕ್ಕ ನನಗೆ ಸಿಕ್ಕಿತು. ಮೊದಲು ಕ್ಯಾಲ್ಕ್ಯುಲೇಟರ್ ತೆಗೆದುಕೊಂಡೆ. ನಾವು ಅಕೌಂಟೆನ್ಸಿಗೆ ಬಳಸುವ 12 ಅಂಕೆಯ ಕ್ಯಾಲ್ಕ್ಯುಲೇಟರ್ ನಲವತ್ತನೇ ಮನೆ ದಾಟಿದ ಕೂಡಲೇ ಕೈಚೆಲ್ಲಿತು. ಕಂಪ್ಯೂಟರ್ ಲ್ಯಾಬಿನಲ್ಲಿ ಎಕ್ಸೆಲ್ ತೆರೆದು 64 ಸಾಲು ಇಮ್ಮಡಿ ಮಾಡಿ ಮೊತ್ತ ಹಾಕಿದೆ. ಪರದೆಯ ಮೇಲೆ ಬಂದದ್ದು 18446744073709600000. ಎಕ್ಸೆಲ್ 15 ಅಂಕೆಗಳನ್ನು ಮಾತ್ರ ತೋರಿಸುತ್ತದೆ, ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ನಿಜವಾದ ಉತ್ತರಕ್ಕೂ ಇದಕ್ಕೂ 48,385 ವ್ಯತ್ಯಾಸ. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಹತ್ತು ರೂಪಾಯಿ ಹೊಂದದಿದ್ದರೆ ನಮ್ಮ ಸರ್ ಕೆಂಪು ಗೆರೆ ಎಳೆಯುತ್ತಾರೆ. ಇಲ್ಲಿ ಯಂತ್ರ 48,385 ತಪ್ಪಿಸಿ ಸುಮ್ಮನೆ ಕುಳಿತಿತ್ತು.

ಹಾಗಾಗಿ ಅಲ್-ಬಿರೂನಿಯವರ ದಾರಿ ಹಿಡಿದೆ. ಅದು ಬಹಳ ಸುಲಭ. 64 ಸಲ ಇಮ್ಮಡಿ ಮಾಡಬೇಕಿಲ್ಲ, ವರ್ಗ ಮಾಡುತ್ತಾ ಹೋದರೆ ಸಾಕು. 2ರ ವರ್ಗ 4, 4ರ ವರ್ಗ 16, 16ರ ವರ್ಗ 256, 256ರ ವರ್ಗ 65,536, ಅದರ ವರ್ಗ 429,49,67,296. ಇದನ್ನು ಇನ್ನೊಮ್ಮೆ ವರ್ಗ ಮಾಡಿ ಒಂದು ಕಳೆದರೆ ಮುಗಿಯಿತು. ಆರೇ ಗುಣಾಕಾರ. ಕೊನೆಯದಕ್ಕೆ ಮಾತ್ರ ಎರಡು ಹಾಳೆ ಅಂಟಿಸಿಕೊಳ್ಳಬೇಕಾಯಿತು. ಮೊದಲ ಸಲ ತಪ್ಪಾಯಿತು. ತಪ್ಪು ಸಿಕ್ಕಿದ್ದು ಅಂಕೆಗಳನ್ನು ಕೂಡಿ ನೋಡುವ ಹಳೆಯ ಉಪಾಯದಿಂದ. 4294967296ರ ಅಂಕೆಗಳನ್ನು ಕೂಡಿದರೆ 58, ಅದನ್ನು ಕೂಡಿದರೆ 13, ಮತ್ತೆ ಕೂಡಿದರೆ 4. 4ರ ವರ್ಗ 16, ಅಂದರೆ 7. ಉತ್ತರದ ಅಂಕೆಗಳನ್ನು ಕೂಡಿದರೂ ಕೊನೆಗೆ 7 ಬರಲೇಬೇಕು. ನನ್ನದು 5 ಬಂದಿತ್ತು. ಎರಡನೇ ಸಲ 88 ಬಂತು, 16 ಬಂತು, 7 ಬಂತು. ಆಗ ಆದ ಖುಷಿ ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಸರಿಹೊಂದಿದಾಗ ಆಗುತ್ತದಲ್ಲ, ಅದೇ.

ಕೈಯಿಂದ ಮಾಡಿದ್ದಕ್ಕೆ ಈ ಸಂಖ್ಯೆಯ ಇನ್ನೂ ಕೆಲವು ಗುಣಗಳು ಕಂಡವು. ಕೊನೆಯ ಅಂಕೆ 5, ಆದ್ದರಿಂದ 5ರಿಂದ ಭಾಗವಾಗುತ್ತದೆ. ಅಂಕೆಗಳ ಮೊತ್ತ 87, ಆದ್ದರಿಂದ 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಪೂರ್ತಿ ಬಿಡಿಸಲು ಒಂಬತ್ತನೇ ತರಗತಿಯ ಒಂದು ಸೂತ್ರ ಸಾಕು: ಎರಡು ವರ್ಗಗಳ ವ್ಯತ್ಯಾಸ ಎಂದರೆ ಅವುಗಳ ಮೂಲಗಳ ಮೊತ್ತವನ್ನು ವ್ಯತ್ಯಾಸದಿಂದ ಗುಣಿಸಿದ್ದು. ಅದನ್ನೇ ಮತ್ತೆ ಮತ್ತೆ ಹಾಕಿದರೆ ನಮ್ಮ ಸಂಖ್ಯೆ 3, 5, 17, 257, 65537 ಮತ್ತು 4294967297 ಎಂಬ ಆರು ಸಂಖ್ಯೆಗಳ ಗುಣಲಬ್ಧವಾಗಿ ಬಿಚ್ಚಿಕೊಳ್ಳುತ್ತದೆ.

ಈ ಆರು ಸಂಖ್ಯೆಗಳಿಗೇ ಒಂದು ಕಥೆ ಇದೆ. ಹದಿನೇಳನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಫರ್ಮಾ ಇವುಗಳಲ್ಲಿ ಮೊದಲ ಐದೂ ಅವಿಭಾಜ್ಯ ಸಂಖ್ಯೆಗಳು ಎಂದು ಕಂಡ. ಅಂದರೆ 1 ಮತ್ತು ಅವುಗಳನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದವು. ಐದಕ್ಕೆ ಐದೂ ಸರಿ ಇದ್ದುದರಿಂದ ಆರನೆಯದೂ, ಅದರ ಮುಂದಿನವೂ ಎಲ್ಲವೂ ಹಾಗೆಯೇ ಇರುತ್ತವೆ ಎಂದು ನಂಬಿಬಿಟ್ಟ. 1732ರಲ್ಲಿ ಆಯ್ಲರ್ ಎಂಬ ಇನ್ನೊಬ್ಬ ಗಣಿತಜ್ಞ ಆರನೆಯದನ್ನು ನಿಜವಾಗಿ ಭಾಗಿಸಿ ನೋಡಿದ. 4294967297 ಎಂದರೆ 641 ಗುಣಿಸು 6700417! ಫರ್ಮಾನಂಥ ದೊಡ್ಡ ಗಣಿತಜ್ಞನ ಮಾತು ಒಂದು ಭಾಗಾಕಾರದಿಂದ ಬಿದ್ದುಹೋಯಿತು. ಈಗ ನಮ್ಮ ಸಂಖ್ಯೆಗೆ ಒಟ್ಟು ಏಳು ಅವಿಭಾಜ್ಯ ಅಪವರ್ತನಗಳಾದವು, ಯಾವುದೂ ಎರಡು ಸಲ ಬರುವುದಿಲ್ಲ. ಆದ್ದರಿಂದ ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 128. ಅವನ್ನು ಜೋಡಿ ಜೋಡಿಯಾಗಿ ಬರೆದರೆ ಸರಿಯಾಗಿ 64 ಜೋಡಿ, ಚದುರಂಗದ ಹಲಗೆಯ ಮನೆಗಳಷ್ಟೇ.

ಫರ್ಮಾನ ಕಥೆ ಓದಿದಾಗ ನನಗೆ ಖಾಲಾ ನೆನಪಾದರು. ಖಾಲಾಗೆ ಬಂತು, ಅವರ ಗೆಳತಿಗೆ ಬಂತು, ಗೆಳತಿಯ ನಾದಿನಿಗೆ ಬಂತು, ಆದ್ದರಿಂದ ಎಲ್ಲರಿಗೂ ಬರುತ್ತದೆ. ನಾವೂ ಹೀಗೆಯೇ ನಂಬಿದ್ದೆವು. ಯಾರೂ ಮುಂದಿನದನ್ನು ಭಾಗಿಸಿ ನೋಡಲಿಲ್ಲ.

ಈಗ ಈ ಸಂಖ್ಯೆಯ ಅತಿ ಮುಖ್ಯವಾದ ಗುಣ. ಹಲಗೆಯ ಯಾವುದೇ ಮನೆಯಲ್ಲಿರುವ ಕಾಳುಗಳು ಅದರ ಹಿಂದಿನ ಎಲ್ಲ ಮನೆಗಳ ಕಾಳುಗಳನ್ನು ಕೂಡಿಸಿದ್ದಕ್ಕಿಂತ ಒಂದು ಹೆಚ್ಚು. ನಾಲ್ಕನೇ ಮನೆಯಲ್ಲಿ 8, ಹಿಂದಿನ ಮೂರರಲ್ಲಿ 1, 2, 4 ಸೇರಿ 7. ಹತ್ತನೇ ಮನೆಯಲ್ಲಿ 512, ಹಿಂದಿನ ಒಂಬತ್ತರಲ್ಲಿ ಸೇರಿ 511. 64ನೇ ಮನೆಯವರೆಗೂ ಇದು ತಪ್ಪುವುದಿಲ್ಲ.

ಕಾಳಿನ ಜಾಗದಲ್ಲಿ ಮನುಷ್ಯರನ್ನು ಇಟ್ಟು ನೋಡಿ. ಒಬ್ಬರಿಂದ ಶುರುವಾಗಿ ಪ್ರತಿಯೊಬ್ಬರೂ ಇಬ್ಬರನ್ನು ಸೇರಿಸುವ ಯೋಜನೆ ಎಂದರೆ ಇದೇ ಹಲಗೆ. ಅದು ಯಾವ ದಿನ ನಿಂತರೂ, ಅಂದು ಕೊನೆಯ ಮೆಟ್ಟಿಲಲ್ಲಿ ಇರುವವರು ಮೇಲಿನ ಎಲ್ಲರನ್ನೂ ಕೂಡಿಸಿದ್ದಕ್ಕಿಂತ ಹೆಚ್ಚು. ಅವರ ಕೆಳಗೆ ಯಾರೂ ಇಲ್ಲ, ಅವರಿಗೆ ಏನೂ ಬರುವುದಿಲ್ಲ. ಅಮ್ಮಿ ಸೇರಿದ ಯೋಜನೆಯಲ್ಲಿ ಹಣ ವಾಪಸ್ ಬರಲು ಕೆಳಗೆ ಎರಡು ಮೆಟ್ಟಿಲು ಬೇಕಾಗಿತ್ತು. ಹಾಗಾಗಿ ಕೊನೆಯ ಎರಡೂ ಮೆಟ್ಟಿಲಿನವರಿಗೆ ನಷ್ಟ. ಒಂಬತ್ತು ಮೆಟ್ಟಿಲು ಎಂದು ಹಿಡಿಯಿರಿ: ಒಟ್ಟು 511 ಮಂದಿ. ಕೊನೆಯಲ್ಲಿ 256, ಅದರ ಮೇಲೆ 128. ಸೇರಿ 384 ಮಂದಿಗೆ ನಷ್ಟ, 127 ಮಂದಿಗೆ ಲಾಭ ಅಥವಾ ಹಣ ವಾಪಸ್. ಅಂದರೆ ನಾಲ್ವರಲ್ಲಿ ಮೂವರು ಮುಳುಗುತ್ತಾರೆ. ಇಪ್ಪತ್ತು ಮೆಟ್ಟಿಲು ಹಿಡಿದರೂ ಪ್ರಮಾಣ ಇದೇ. ಯೋಜನೆ ನಡೆಸುವವನು ಒಂದು ಪೈಸೆ ಕದಿಯದ ಪ್ರಾಮಾಣಿಕನಾದರೂ ಇದು ಬದಲಾಗುವುದಿಲ್ಲ.

"ನಿಲ್ಲದೇ ನಡೆದರೆ?" ಎಂದು ಕೇಳಬಹುದು. ನಮ್ಮ ಮೊಹಲ್ಲಾದಲ್ಲಿ ಸುಮಾರು 500 ಮನೆಗಳಿವೆ. ಮನೆಗೊಬ್ಬರಂತೆ ಸೇರಿದರೆ ಒಂಬತ್ತನೇ ಮೆಟ್ಟಿಲಿಗೆ ಮೊಹಲ್ಲಾ ಮುಗಿಯಿತು. ಒಂದು ಲಕ್ಷ ಜನರ ಊರು ಹದಿನೇಳನೇ ಮೆಟ್ಟಿಲಿಗೆ ಮುಗಿಯುತ್ತದೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. 26ನೇ ಮೆಟ್ಟಿಲಿಗೆ ಬೇಕಾಗುವ ಒಟ್ಟು ಜನ 6 ಕೋಟಿ 71 ಲಕ್ಷ. ತೊಟ್ಟಿಲಿನ ಮಗುವನ್ನು ಸೇರಿಸಿದರೂ ಸಾಲದು. 31ನೇ ಮೆಟ್ಟಿಲಿಗೆ 214 ಕೋಟಿ ಜನ ಬೇಕು, ಇಡೀ ಭಾರತವೂ ಸಾಲದು. ಹಲಗೆಯ ಅರ್ಧಕ್ಕೂ ನಾವು ಇನ್ನೂ ಬಂದಿಲ್ಲ.

ಈ ಅರ್ಧದ ಮಾತು ಬಹಳ ಮುಖ್ಯ. ಅಬ್ಬಾ ಕೆಲಸ ಮಾಡುವ ಕಿರಾಣಿ ಅಂಗಡಿಯಲ್ಲಿ ನಾನು 1,000 ಗೋಧಿ ಕಾಳು ಎಣಿಸಿ ತಕ್ಕಡಿಗೆ ಹಾಕಿದೆ. 40 ಗ್ರಾಂ ಬಂತು. ಆ ಲೆಕ್ಕದಲ್ಲಿ ಹಲಗೆಯ ಮೊದಲ ಸಾಲಿನ 255 ಕಾಳು ಹತ್ತು ಗ್ರಾಂ, ಒಂದು ಚಮಚ. ಎರಡು ಸಾಲಿಗೆ ಸುಮಾರು 2.6 ಕಿಲೋ, ಒಂದು ಚೀಲವೂ ಇಲ್ಲ. ನಾಲ್ಕು ಸಾಲಿಗೆ, ಅಂದರೆ ಅರ್ಧ ಹಲಗೆಗೆ, ಸುಮಾರು 172 ಟನ್, ಹದಿನೇಳು ಲಾರಿ ಲೋಡು. ಪರವಾಗಿಲ್ಲ, ರಾಜ ಕೊಡಬಹುದು. ಪೂರ್ತಿ ಹಲಗೆಗೆ? ಸುಮಾರು 73,800 ಕೋಟಿ ಟನ್. ಇಡೀ ಪ್ರಪಂಚ ಈಗ ವರ್ಷಕ್ಕೆ ಬೆಳೆಯುವ ಗೋಧಿ ಸುಮಾರು 80 ಕೋಟಿ ಟನ್. ಒಂಬತ್ತು ನೂರು ವರ್ಷಗಳ ಫಸಲು ಬೇಕು. ಇಮ್ಮಡಿಯಾಗುವುದು ಮೊದಲು ಚಮಚದಂತೆ ಕಾಣುತ್ತದೆ, ಅದಕ್ಕೇ ರಾಜ ನಕ್ಕದ್ದು. ಅದಕ್ಕೇ ನಾನೂ ಹೌದು ಎಂದದ್ದು.

ಇದಕ್ಕೆ ನಮ್ಮಲ್ಲಿ ಬರುವ ಮೂರು ಆಕ್ಷೇಪಣೆಗಳನ್ನು ಕೇಳಿದ್ದೇನೆ.

ಒಂದು, "ಇದು ಪರೀಕ್ಷೆಗೆ ಬರುವುದಿಲ್ಲ." ನಿಜ. ಸಿಇಬಿಎ ಓದುವ ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಾಮರ್ಸ್ ತೆಗೆದುಕೊಂಡದ್ದೇ ಗಣಿತದಿಂದ ತಪ್ಪಿಸಿಕೊಳ್ಳಲು. ನಾನೂ ಅವರಲ್ಲಿ ಒಬ್ಬಳು. ಆದರೆ ಇಲ್ಲಿ ಬೇಕಾದದ್ದು ಕೂಡುವುದು, ಗುಣಿಸುವುದು, ಭಾಗಿಸುವುದು, ಇಷ್ಟೇ. ನಮಗೆ ಬಾರದ ಒಂದೂ ಇದರಲ್ಲಿಲ್ಲ.

ಎರಡು, "ಇದು ಲೆಕ್ಕದ ಸಮಸ್ಯೆಯಲ್ಲ, ದುರಾಸೆಯ ಸಮಸ್ಯೆ." ಹಿರಿಯರು ಹೀಗೆ ಹೇಳಿದಾಗ ನನಗೆ ನೋವಾಗುತ್ತದೆ. ನನ್ನ ಅಮ್ಮಿಗೆ ಬಂಗಲೆ ಬೇಕಿರಲಿಲ್ಲ. ಮಗಳ ಪುಸ್ತಕಕ್ಕೆ ಹಣ ಬೇಕಿತ್ತು. ಅವರು ಸೇರುವ ಮೊದಲು ಒಂದು ಪ್ರಶ್ನೆಯನ್ನೂ ಕೇಳಿದರು, ಲೆಕ್ಕ ಸರಿ ಇದೆಯಾ ಎಂದು. ಕೇಳಿದವರು ಸರಿಯಾಗಿಯೇ ಕೇಳಿದರು. ಉತ್ತರ ಕೊಟ್ಟವಳು ತಪ್ಪು ಮಾಡಿದಳು.

ಮೂರು, "ನಮ್ಮವರೇ ನಡೆಸುವುದು, ಹಲಾಲ್ ಎಂದು ಬರೆದಿದೆ, ಅನುಮಾನಿಸುವುದು ಸರಿಯಲ್ಲ." ಬಡ್ಡಿ ಬೇಡ ಎಂದು ಬ್ಯಾಂಕಿನಿಂದ ದೂರ ಇರುವ ನಮ್ಮ ಮನೆಗಳನ್ನೇ ಈ ಮಾತು ಹೆಚ್ಚು ಹಿಡಿಯುತ್ತದೆ. ಆದರೆ ಕಾಗದದ ಮೇಲಿನ ಒಂದು ಪದ ಕೂಡುವ ಲೆಕ್ಕವನ್ನು ಬದಲಿಸುವುದಿಲ್ಲ. ನಾಲ್ವರಲ್ಲಿ ಮೂವರ ಹಣ ಒಬ್ಬನ ಜೇಬಿಗೆ ಹೋಗುವುದು ವ್ಯಾಪಾರ ಹೇಗಾದೀತು? ಲೆಕ್ಕ ಕೇಳುವುದು ಅವಮಾನವಲ್ಲ. ಇಬ್ನ್ ಖಲ್ಲಿಕಾನ್ ಅಂಥವರೇ ನಂಬದೆ ಕೇಳಿದರು, ಲೆಕ್ಕಿಗ ಬೇಸರಿಸದೆ ಬರೆದು ತೋರಿಸಿದ. ಇನ್ನೊಂದು ಮಾತು: ಜನರನ್ನು ಸೇರಿಸುವುದರ ಮೇಲೆಯೇ ಹಣ ಕೊಡುವ ಹಣ ಚಲಾವಣೆ ಯೋಜನೆಗಳನ್ನು ನಮ್ಮ ದೇಶದಲ್ಲಿ 1978ರ ಕಾಯ್ದೆಯೇ ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಯೋಜನೆಗಳನ್ನು ನಡೆಸಬಾರದು ಎನ್ನುತ್ತವೆ. ಒಂದು ಡಬ್ಬಿ ಪುಡಿ ಕೊಟ್ಟ ಮಾತ್ರಕ್ಕೆ ಅದು ವ್ಯಾಪಾರವಾಗುವುದಿಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಪ್ರತಿ ವರ್ಷ ಪ್ರಥಮ ಪಿಯುಸಿಗೆ ಸೇರುವ ಎಲ್ಲರಿಗೂ, ಕಲಾ ವಿಭಾಗದವರಿಗೂ ಸೇರಿಸಿ, ಮೊದಲ ವಾರದಲ್ಲಿ ಒಂದೇ ಒಂದು ಪೀರಿಯಡ್ ಇದಕ್ಕೆ ಕೊಡಿ. ಒಂದು ಚದುರಂಗದ ಹಲಗೆ, ಒಂದು ಹಿಡಿ ಗೋಧಿ, ಹಾಳೆ, ಪೆನ್ನು ಇದ್ದರೆ ಸಾಕು, ಕ್ಯಾಲ್ಕ್ಯುಲೇಟರ್ ಬೇಡ. ಎಷ್ಟನೇ ಮನೆಯಲ್ಲಿ ತಮ್ಮ ಊರು ಮುಗಿಯುತ್ತದೆ ಎಂದು ಪ್ರತಿಯೊಬ್ಬರೂ ತಾವೇ ಕಂಡುಹಿಡಿಯಲಿ. ಜೊತೆಗೆ, ಶನಿವಾರ ತರಗತಿ ಮುಗಿದ ಮೇಲೆ ಗ್ರಂಥಾಲಯದಲ್ಲಿ ಒಂದು ಮೇಜು ಕೊಡಿ. ಯಾರ ಮನೆಗಾದರೂ ಇಂಥ ಕಾಗದ ಬಂದಿದ್ದರೆ ತರಲಿ. ಅದನ್ನು ಓದಿ, ಲೆಕ್ಕ ಬರೆದು, ಕನ್ನಡದಲ್ಲೂ ಉರ್ದುವಿನಲ್ಲೂ ವಿವರಿಸಲು ನಾನು ಮತ್ತು ನನ್ನ ಇಬ್ಬರು ಗೆಳತಿಯರು ಕೂರುತ್ತೇವೆ. ಸ್ಟಾಟಿಸ್ಟಿಕ್ಸ್ ಮೇಡಂ ಒಮ್ಮೆ ನೋಡಿ ಸರಿಪಡಿಸಿದರೆ ಇನ್ನೂ ಒಳ್ಳೆಯದು.

ಖಾಲಾ ತಮಗೆ ವಾಪಸ್ ಬಂದಿದ್ದ ಹಣ ಯಾರದು ಎಂದು ಈಗ ತಿಳಿದು ಬಹಳ ನೊಂದುಕೊಂಡಿದ್ದಾರೆ. ಅಮ್ಮಿ ತಾವು ಸೇರಿಸಿದ ಆ ಇಬ್ಬರಿಗೂ ತಿಂಗಳಿಗೆ 500 ರೂಪಾಯಿಯಂತೆ ಹೊಲಿಗೆ ಹಣದಿಂದ ವಾಪಸ್ ಕೊಡುತ್ತಿದ್ದಾರೆ. ಕೊಡಲೇಬೇಕೆಂದು ಯಾರೂ ಹೇಳಿಲ್ಲ. ಒಬ್ಬರು ಈಗ ಮತ್ತೆ ಮನೆಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ. ಇನ್ನೊಬ್ಬರು ಬಾಗಿಲಲ್ಲೇ ನಿಂತು ಹಣ ತೆಗೆದುಕೊಂಡು ಹೋಗುತ್ತಾರೆ. ಇನ್ನೂ ಐದು ಕಂತು ಬಾಕಿ ಇದೆ. ಆ ಕಂತುಗಳ ಲೆಕ್ಕವನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅದರ ಮೊದಲ ಪುಟದಲ್ಲಿ ಆ ಇಪ್ಪತ್ತು ಅಂಕೆಗಳ ಸಂಖ್ಯೆ ಇದೆ. ಮುಂದೆ ಯಾರಾದರೂ ನನ್ನನ್ನು "ಹಿಸಾಬ್ ಬರೋಬರ್ ಹೈ ನಾ?" ಎಂದು ಕೇಳಿದರೆ, ಮೊದಲು ಒಂದು ಹಾಳೆ ಕೊಡಿ ಎಂದು ಹೇಳುತ್ತೇನೆ.